ಬೋರ್ಡಿನ ಮೇಲೆ ಅರವತ್ತೆರಡು

ಚಾಕ್‌ಪೀಸು ಮುಗಿದದ್ದೇ ಎಲ್ಲಕ್ಕೂ ಮೂಲ.

ನೀರು ಸರಬರಾಜು ಕಚೇರಿಯ ಗೇಟಿನ ಪಕ್ಕದ ಬೋರ್ಡಿನಲ್ಲಿ ಅಂದಂದಿನ ನಲ್ಲಿ ನೀರಿನ ಗಡಸುತನ ಎಷ್ಟೆಂದು ಬರೆಯುವುದು ಪರೀಕ್ಷಕನ ಕೆಲಸ. ಹನ್ನೊಂದು ವರ್ಷ ಅದನ್ನೇ ಬರೆದು ಬರೆದು ಊರವರ ಬಾಯಲ್ಲಿ ಅವನು ಗಡಸಪ್ಪನಾಗಿದ್ದ. ಮನುಷ್ಯ ಮಾತ್ರ ಬೆಣ್ಣೆ, ಬೆಕ್ಕನ್ನೂ ಗದರಿದವನಲ್ಲ. ಆ ದಿನ ಆರುನೂರ ಇಪ್ಪತ್ತು ಎಂದು ಬರೆಯಬೇಕಿತ್ತು. ಆರು, ಎರಡು ಬರೆಯುವಷ್ಟರಲ್ಲಿ ಚಾಕ್‌ಪೀಸು ಸವೆದು ಉಗುರು ಬೋರ್ಡಿಗೆ ತಾಗಿತು. ಇನ್ನೊಂದು ತರಲು ಒಳಗೆ ಹೋದರೆ ಹೆಂಡತಿಯ ಫೋನು. ಗೀಸರಿನ ಕಾಯಿಲು ಸುಣ್ಣ ಕಟ್ಟಿ ಮತ್ತೆ ಸುಟ್ಟಿದೆ, ವರ್ಷಕ್ಕೆ ಇದು ಮೂರನೆಯದು, ನೀರಿನ ಆಫೀಸಿನವರ ಮನೆಯಲ್ಲೇ ಹೀಗಾದರೆ ಊರಿನವರ ಗತಿಯೇನು ಎಂದು ಅವಳು ಹತ್ತು ನಿಮಿಷ ವಿಚಾರಿಸಿಕೊಂಡಳು. ಫೋನಿಡುವ ಹೊತ್ತಿಗೆ ಸೊನ್ನೆ ಅವನ ತಲೆಯಿಂದ ಹಾರಿಹೋಗಿತ್ತು.

ಹನ್ನೊಂದಕ್ಕೆ ಟೀ ಕುಡಿಯಲು ಹೊರಟವನನ್ನು ಎದುರಂಗಡಿಯ ಕ್ಷೌರಿಕ ಕೈಹಿಡಿದು ಒಳಗೆಳೆದ. ಕುರ್ಚಿಯಲ್ಲಿದ್ದ ಗಿರಾಕಿಯ ಮುಖದ ಮೇಲೆ ಸೋಪಿನ ನೊರೆ ಹತ್ತಿಯ ಮೂಟೆ ಬಿಚ್ಚಿದಂತೆ ಉಬ್ಬಿತ್ತು. ಇಷ್ಟು ವರ್ಷದಲ್ಲಿ ಇಂಥ ನೊರೆ ಕಂಡಿಲ್ಲವೆಂದೂ ಇದು ಅರವತ್ತೆರಡರ ಮಹಿಮೆಯೆಂದೂ ಅವನು ಹೇಳಿದ ಮೇಲೆಯೇ ಗಡಸಪ್ಪನಿಗೆ ತನ್ನ ತಪ್ಪು ಹೊಳೆದದ್ದು.

“ಅದು ಆರುನೂರ ಇಪ್ಪತ್ತು ಕಣಯ್ಯ. ಸೊನ್ನೆ ಬಿಟ್ಟುಹೋಗಿದೆ,” ಎಂದ.

“ನೀವು ಹೇಳಿದ್ರೆ ಆಯ್ತಾ ಸಾರ್? ನೊರೆ ಸುಳ್ಳು ಹೇಳತ್ತಾ?”

ಹೊಸ ಚಾಕ್‌ಪೀಸು ಹಿಡಿದು ಓಡಿದರೆ ಬೋರ್ಡಿನ ಸುತ್ತ ಜನ, ಕೈ ತೂರಿಸಲೂ ಜಾಗವಿಲ್ಲ. ಕೆಲವರು ಅದರ ಫೋಟೊ ತೆಗೆಯುತ್ತಿದ್ದರು. ಉಳಿದವರು ಕಚೇರಿಯ ಅಂಗಳದ ನಲ್ಲಿಗೆ ಕ್ಯಾನು ಹಿಡಿದು ನಿಂತಿದ್ದರು. ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಬೆಳಗಿನಿಂದ ಎರಡು ಸಲ ತಲೆ ಸ್ನಾನ ಮಾಡಿ ಬಂದಿದ್ದರು. ಕೂದಲು ರೇಷ್ಮೆಯಾಗಿದೆ, ಬೇಕಾದರೆ ಮುಟ್ಟಿ ನೋಡು ಎಂದು ತಲೆ ಬಗ್ಗಿಸಿದರು. ಮುಟ್ಟದಿದ್ದರೆ ಬಿಡುವವರಲ್ಲ, ಮುಟ್ಟಿದ. ತೆಂಗಿನ ನಾರಿನಂತಿತ್ತು. ರೇಷ್ಮೆಯೇ ಎಂದ.

ಅಷ್ಟರಲ್ಲಿ ಪೈಪು ರಿಪೇರಿಯವನು ಸೈಕಲ್ಲಿನಿಂದಿಳಿದ. ಪೈಪಿನೊಳಗಿನ ಸುಣ್ಣ ಕೆರೆದೇ ಅವನ ಸಂಸಾರ ನಡೆಯುತ್ತಿತ್ತು. ಒಂದೇ ಬೆಳಿಗ್ಗೆ ನಾಲ್ಕು ಮನೆಯವರು ಬರಬೇಡ ಅಂದರಂತೆ. ಇನ್ನು ಮುಂದೆ ಮಕ್ಕಳನ್ನು ಕರೆದುಕೊಂಡು ಊಟಕ್ಕೆ ನಿಮ್ಮ ಮನೆಗೇ ಬರುತ್ತೇನೆ ಎಂದು ಅವನು ತಣ್ಣಗೆ ಹೇಳಿದ. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಗಡಸಪ್ಪ ಇಂಜಿನಿಯರರ ಕೋಣೆಗೆ ನುಗ್ಗಿದ. “ಸರ್, ಅದು ಆರುನೂರ...”

“ಆರುನೂರಿಂದ ಅರವತ್ತೆರಡಕ್ಕೆ ಇಳಿದಿದೆ. ಅದನ್ನೇ ಮೇಡಂಗೆ ಫೋನಲ್ಲಿ ಹೇಳಿದೆ. ಮೂರು ಗಂಟೆಗೆ ಅವರೇ ನೋಡಕ್ಕೆ ಬರ್ತಿದಾರೆ. ನೀವು ಶರ್ಟು ಬದಲಾಯಿಸಿಕೊಂಡು ಬನ್ನಿ.”

ಮೇಡಂ ಎಂದರೆ ಇಲಾಖೆಯ ಮೇಲಧಿಕಾರಿ. ಗಡಸು ನೀರನ್ನು ಮೆದು ಮಾಡುವ ಘಟಕ ಈ ಊರಿಗೆ ಬೇಕೆಂದು ಗಡಸಪ್ಪನೇ ಎಂಟು ವರ್ಷ ಅರ್ಜಿ ಬರೆದಿದ್ದ. ಫೈಲು ಕೊನೆಗೂ ಅವರ ಮೇಜು ತಲುಪಿತ್ತು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಘಟಕ ಹೋಗುತ್ತದೆ. ಊಟದ ಡಬ್ಬಿ ತೆರೆದು, ನೋಡಿ, ಹಾಗೆಯೇ ಮುಚ್ಚಿದ.

ಮೂರಕ್ಕೆ ಸರಿಯಾಗಿ ಜೀಪು ಬಂತು. ಮೇಡಂ ಕೈಯಲ್ಲಿ ಟೈಪಾಗಿದ್ದ ಕಾಗದ. ನೀರು ಸರಿಹೋಗಿರುವುದರಿಂದ ಘಟಕ ರದ್ದು, ರುಜು ಒಂದು ಬಾಕಿ ಎಂದರು. ಇಂಜಿನಿಯರರ ನಗು ಅರ್ಧಕ್ಕೇ ನಿಂತಿತು. ಮೇಡಂ ಪೆನ್ನಿನ ಕ್ಯಾಪು ತೆಗೆದರು.

“ಬೇಡ ಮೇಡಂ,” ಎಂದ ಗಡಸಪ್ಪ. ಅಷ್ಟು ಜೋರಾಗಿ ಅವನು ಎಂದೂ ಮಾತಾಡಿರಲಿಲ್ಲ. “ಸೊನ್ನೆ ಬಿಟ್ಟಿದ್ದು ನಾನು.”

ಅಳೆದು ತೋರಿಸಿ ಎಂದರು ಮೇಡಂ. ಊರೆಲ್ಲ ಕಿಟಕಿಗೆ ಮುಖ ಒತ್ತಿ ನಿಂತಿತು. ಅಂಗಳದ ನಲ್ಲಿಯ ನೀರಿಗೆ ಬಣ್ಣದ ಹನಿ ಬಿದ್ದೊಡನೆ ಅದು ದ್ರಾಕ್ಷಿ ಕೆಂಪಾಯಿತು. ಅದು ನೀಲಿಯಾಗುವತನಕ ಗಾಜಿನ ಕೊಳವೆಯಿಂದ ಮದ್ದು ಬಿಡಬೇಕು. ನೀರು ಎಷ್ಟು ಗಡಸೋ ಅಷ್ಟು ಮದ್ದು. ಕೊಳವೆ ಖಾಲಿಯಾಯಿತು, ಕೆಂಪು ಕದಲಲಿಲ್ಲ. ಮತ್ತೆ ತುಂಬಿಸಿ ಬಿಟ್ಟ. ಎರಡನೇ ಸಲ ಅರ್ಧ ಇಳಿದ ಮೇಲೆ ನೀರು ಒಲ್ಲದ ಮನಸ್ಸಿನಿಂದ ನೀಲಿಯಾಯಿತು. ಆರುನೂರ ಇಪ್ಪತ್ತು. ಬೆಳಿಗ್ಗೆಯೇ ತನಗೆ ಅನುಮಾನವಿತ್ತೆಂದು ಕ್ಷೌರಿಕ ಕಿಟಕಿಯಾಚೆ ಪಕ್ಕದವನಿಗೆ ಹೇಳುವುದು ಕೇಳಿಸಿತು.

ಮೇಡಂ ರದ್ದತಿಯ ಕಾಗದವನ್ನು ಎರಡು ತುಂಡು ಮಾಡಿದರು. ಆರು ತಿಂಗಳಲ್ಲಿ ಘಟಕ ಬರುತ್ತದೆ, ಶಿಕ್ಷೆಯ ಮಾತೇ ಇಲ್ಲ ಎಂದರು. ಗಡಸಪ್ಪ ಸಿಕ್ಕಿದ ಕುರ್ಚಿಯಲ್ಲಿ ಕುಳಿತುಬಿಟ್ಟ.

“ಕೆಲಸಕ್ಕೇ ಕುತ್ತು ಬಂದಾಗಲೂ ನಿಜ ಹೇಳಿದ್ರಿ,” ಎಂದರು ಮೇಡಂ. “ಪಕ್ಕದೂರಲ್ಲಿ ಒಬ್ಬ ವರ್ಷಾನುಗಟ್ಟಲೆ ಎಂಬತ್ತು ಎಂಬತ್ತು ಅಂತ ಬರೀತಾ ಕೂತಿದ್ದ. ಹೋದ ವಾರ ನಾನೇ ಅಳೆದೆ, ಒಂಬೈನೂರ ನಲವತ್ತು. ಅಲ್ಲಿಗೆ ನಿಮ್ಮಂಥೋರೇ ಬೇಕು. ಸೋಮವಾರ ಅಲ್ಲಿ ಹಾಜರಾಗಿ.”

ಸಂಜೆ ಅವನು ಹಗುರಾಗಿ ಮನೆಗೆ ನಡೆದ. ಕೆಲಸ ಉಳಿದಿತ್ತು, ಮಾನ ಉಳಿದಿತ್ತು, ಊರಿಗೆ ಘಟಕವೂ ಬಂದಂತೆಯೇ. ವರ್ಗವಾದ ಸುದ್ದಿಯನ್ನು ಹೆಂಡತಿ ಅವನು ಹೆದರಿದಷ್ಟು ಕೆಟ್ಟದಾಗಿ ತೆಗೆದುಕೊಳ್ಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು.

“ಅಲ್ಲಿ ನೀರು ಹೇಗಂತೆ?”

ಗಡಸಪ್ಪ ಚಪ್ಪಲಿ ಬಿಡಲು ಬಗ್ಗಿದವನು ಬಗ್ಗಿಯೇ ಇದ್ದ.

“ದಿನವಿಡೀ ಬರತ್ತಂತೆ ಕಣೇ,” ಎಂದ.