ತೆಂಗಳಿ ಮಲ್ಲಣ್ಣನ ಹೆಂಡತಿಯೂ ನಮ್ಮ ಆರೋಗ್ಯ ವಿಮೆಯೂ

ನಮ್ಮ ಕಡೆ ಒಬ್ಬ ಮನುಷ್ಯನನ್ನು ನಂಬಲು ಗುರುತಿನ ಚೀಟಿ ಬೇಕಿಲ್ಲ. ‘ಯಾವೂರ್ರಿ? ಯಾರ ಪೈಕಿ?’ ಎಂದು ಕೇಳಿದರೆ ಮುಗಿಯಿತು. ನಮ್ಮೂರು ವಾಡಿಯ ಸ್ಟೇಷನ್ನಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಅಪರಿಚಿತರು ರೈಲು ಬರುವಷ್ಟರಲ್ಲಿ ಬೀಗರಾಗಿ, ಬುತ್ತಿ ಬಿಚ್ಚಿ ರೊಟ್ಟಿ ಹಂಚಿಕೊಂಡಿರುತ್ತಾರೆ. ನಾನೂ ಹಾಗೆಯೇ ಬೆಳೆದವಳು, ಸುಳ್ಳು ಹೇಳುವುದಿಲ್ಲ. ಆದರೆ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿ ಕಲಿಸಿ ನನಗೊಂದು ಚಟ ಅಂಟಿದೆ. ಯಾರು ಏನೇ ಹೇಳಲಿ, ದತ್ತ ಏನು, ಸಾಧನೆ ಎಲ್ಲಿ, ಅಂದರೆ ಕೊಟ್ಟಿರುವುದೇನು, ಅದಕ್ಕೆ ಪುರಾವೆ ಎಲ್ಲಿ ಎಂದು ಮನಸ್ಸು ಕೇಳುತ್ತದೆ. ನಮ್ಮ ಯಜಮಾನರಿಗೆ ಈ ಚಟವಿಲ್ಲ. ಅವರಿಗೆ ಬೆಳ್ಳಗಿರುವುದೆಲ್ಲ ಹಾಲು. ಅದರಲ್ಲೂ ಆ ಹಾಲು ಅವರ ತಾಯಿಯ ತವರಾದ ತೆಂಗಳಿಯದೆಂದು ಯಾರಾದರೂ ಅಂದರೆ ಸುಣ್ಣದ ನೀರನ್ನೂ ಗಟಗಟ ಕುಡಿದಾರು.

ಅವರು ಕಾರ್ಖಾನೆಯ ಸ್ಟೋರಿನಿಂದ ನಿವೃತ್ತರಾದ ದಿನ ಒಂದು ಶಾಲು, ಒಂದು ಗಡಿಯಾರ ಮನೆಗೆ ಬಂದವು; ಕಾರ್ಖಾನೆಯ ಕಡೆಯಿಂದ ಸಿಗುತ್ತಿದ್ದ ಆಸ್ಪತ್ರೆಯ ಸೌಲಭ್ಯ ಹೋಯಿತು. ಆಗ ನಾವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮುಂದೊಂದು ಬೆಳಿಗ್ಗೆ ಅವರು ಬಚ್ಚಲಿನ ಶಹಾಬಾದಿ ಕಲ್ಲಿನ ಮೇಲೆ ತಲೆ ಸುತ್ತಿ ಬಿದ್ದರು. ಸಕ್ಕರೆ ಕಾಯಿಲೆಯ ಆಟ. ಸಣ್ಣ ಪೆಟ್ಟಿನಲ್ಲಿ ಮುಗಿಯಿತು, ನಿಜ. ಆದರೆ ಅವರನ್ನು ಎಬ್ಬಿಸಿ ಕೂರಿಸುವಾಗಲೇ ನನ್ನ ಲೆಕ್ಕ ಶುರುವಾಯಿತು. ಈ ಮನುಷ್ಯ ನಾಳೆ ದೊಡ್ಡದಾಗಿ ಬಿದ್ದರೆ, ಮನೆ ಮಾರಿಯೇ ಆಸ್ಪತ್ರೆಯಿಂದ ಬಿಡಿಸಿಕೊಂಡು ಬರಬೇಕು. ಆರೋಗ್ಯ ವಿಮೆ ಮಾಡಿಸಲೇಬೇಕು ಎಂದು ಆವತ್ತೇ ಹಟ ಹಿಡಿದೆ.

‘ಅದೇನ್ ದೊಡ್ಡ ಮಾತು’ ಎಂದು ಯಜಮಾನರು ಮೊಬೈಲಿನಲ್ಲಿ ಯಾವುದೋ ಜಾಹೀರಾತು ಒತ್ತಿ, ತಮ್ಮ ಹೆಸರು, ನಂಬರು ತುಂಬಿದರು. ಅಷ್ಟೇ ನೋಡಿ, ನಮ್ಮ ಮನೆಯ ನೆಮ್ಮದಿ ಹಾರಿಹೋಯಿತು. ಹಾಲು ಉಕ್ಕುವಾಗ ಫೋನು, ಪೂಜೆಗೆ ಕುಳಿತಾಗ ಫೋನು. ‘ಸರ್, ಬೆಂಗಳೂರಿನಿಂದ ಮಾತಾಡ್ತಾ ಇದೀವಿ’ ಎಂಬ ದನಿ ಕೇಳಿದರೆ ಸಾಕು, ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಯಜಮಾನರು ಮಾತ್ರ ಅವರನ್ನೆಲ್ಲ ಧೈರ್ಯವಾಗಿ ಸಾಗಹಾಕುತ್ತಿದ್ದರು. ನಾನು ಮೆಚ್ಚಿಕೊಂಡು, ‘ಹೆಂಗ ಗೊತ್ತಾಗ್ತದರೀ ನಿಮಗ, ಮೋಸ ಅಂತ?’ ಎಂದು ಕೇಳಿದೆ.

‘ಮಾತಿನ ಮ್ಯಾಲೇ ಗೊತ್ತಾಗ್ತದಲಾ. ಆ ಕಡಿ ಕನ್ನಡ ಮಾತಾಡೋರನ್ನ ನಾ ನಂಬಂಗಿಲ್ಲ’ ಎಂದರು. ಇದು ನಮ್ಮ ಮನೆಯ ಭದ್ರತಾ ವ್ಯವಸ್ಥೆ!

ಈ ವ್ಯವಸ್ಥೆಗೆ ಕನ್ನ ಬಿದ್ದದ್ದು ಒಂದು ಭಾನುವಾರ. ನಾನು ರೊಟ್ಟಿ ಬಡಿಯುತ್ತಿದ್ದೆ. ಫೋನಿನ ಸ್ಪೀಕರಿನಿಂದ ‘ನಮಸ್ಕಾರ್ರಿ ಅಣ್ಣಾರ, ಆರಾಮ ಇದ್ದೀರಿ?’ ಎಂಬ ದನಿ ಬಂತು. ಯಜಮಾನರ ಮುಖ ಅರಳಿತು.

‘ಆರಾಮಪಾ. ಯಾವೂರ ನಿಂದು?’

‘ಇಲ್ಲೇರಿ, ಕಾಳಗಿ ಕಡಿ.’

‘ಕಾಳಗಿ ಕಡಿ ಅಂದ್ರ ತೆಂಗಳಿ ಏನು?’

‘ಹೌದ್ರಿ, ತೆಂಗಳೀನೇ.’

‘ತೆಂಗಳ್ಯಾಗ ಯಾರ ಪೈಕಿ? ನಮ್ಮ ಸೋದರಮಾವನ ಮಗ ಮಲ್ಲಣ್ಣ ಅಂತ ಹಾನಲಾ, ಅವರ ಪೈಕಿ ಏನು?’

‘ಮಲ್ಲಣ್ಣ ನಮ್ಮ ಕಾಕಾನೇ ಆಗಬೇಕ್ರಿ!’

‘ಅಗಸಿ ಬಾಜೂಕಿನ ಮನಿ?’

‘ಅದೇ ಮನೀರಿ!’

‘ಹಂಗಾದ್ರ ನಾ ನಿನಗ ಮಾವ ಆಗ್ತೀನಲೋ!’

ಅಲ್ಲಿಂದ ಮುಂದೆ ಬರೀ ‘ಮಾವಾ, ಮಾವಾ’. ಮಾವನಿಗೆ ಇವತ್ತೊಂದೇ ದಿನ ಸಿಗುವ ರಿಯಾಯಿತಿ. ಮಾವನಿಗೆ ಸಕ್ಕರೆ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಬರೆಯುವುದೇ ಬೇಡ, ಅಳಿಯ ನೋಡಿಕೊಳ್ಳುತ್ತಾನೆ. ಮಾವನ ಮೊಬೈಲಿಗೆ ಈಗೊಂದು ಓಟಿಪಿ ಬರುತ್ತದೆ, ಅದನ್ನು ಓದಿ ಹೇಳಿದರೆ ಸಾಕು. ಮಾವ ಆಗಲೇ ಕನ್ನಡಕ ಹುಡುಕುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಹಿಟ್ಟಿನ ಕೈಯಲ್ಲೇ ಫೋನು ಕಿತ್ತುಕೊಂಡೆ.

‘ನಾ ನಿಮ್ಮ ಅತ್ತಿ ಮಾತಾಡ್ಲಿಕತ್ತೀನಪಾ. ಮಲ್ಲಣ್ಣನ ಹೆಣ್ತಿ ಸಿದ್ದಮ್ಮ ಹೆಂಗ ಹಾಳ?’

‘ಕಾಕು ಭಾಳ ಆರಾಮ ಹಾಳರೀ ಅತ್ತಿ. ಈಗರೆ ಊಟ ಮಾಡಿ ಮಲಗ್ಯಾಳ.’

ಮಲ್ಲಣ್ಣ ಮಠದ ಸೇವೆಗೆ ನಿಂತ ಮನುಷ್ಯ, ಮದುವೆಯೇ ಆಗಿಲ್ಲ. ಅದನ್ನು ಹೇಳಿದ ಕೂಡಲೇ ಅಳಿಯ ಫೋನು ಕಟ್ ಮಾಡಿದ. ನಾನು ಗೆದ್ದವಳಂತೆ ಯಜಮಾನರ ಕಡೆ ತಿರುಗಿದೆ. ಅವರು ಗಂಭೀರವಾಗಿ ಯೋಚಿಸುತ್ತಿದ್ದರು. ಕೊನೆಗೆ ಬಾಯಿ ಬಿಟ್ಟರು: ‘ಮಲ್ಲಣ್ಣ ನಮಗ್ಯಾರಿಗೂ ಹೇಳ್ದೇ ಲಗ್ನ ಆಗ್ಯಾನಲ್ಲ!’

ನಾನು ಹಣೆ ಹಣೆ ಚಚ್ಚಿಕೊಂಡೆ. ಸಿದ್ದಮ್ಮ ಎಂಬವಳು ಇಲ್ಲವೇ ಇಲ್ಲ, ಆ ಹೆಸರು ನಾನು ರೊಟ್ಟಿ ಬಡಿಯುತ್ತ ಹುಟ್ಟಿಸಿದ್ದು ಎಂದು ಬಿಡಿಸಿ ಹೇಳಿದೆ. ‘ಇರಲಿ, ಒಂದು ಮಾತು ಕೇಳಿದ್ರ ಏನ್ ತಪ್ಪು’ ಎನ್ನುತ್ತ ಅವರು ಅಂಗಳಕ್ಕೆ ಹೋಗಿ ತೆಂಗಳಿಗೆ ಫೋನು ಹಚ್ಚಿಯೇಬಿಟ್ಟರು. ಅತ್ತ ಫೋನು ಎತ್ತಿದ್ದು ಮಲ್ಲಣ್ಣನ ಅತ್ತಿಗೆ. ಸಂಜೆಯೊಳಗೆ ಸುದ್ದಿ ಊರ ಅಗಸಿಬಾಗಿಲು ದಾಟಿತು. ಮರುದಿನ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿದ್ದಾಗ ಸ್ವತಃ ಮಲ್ಲಣ್ಣನೇ ಫೋನು ಮಾಡಿದ. ‘ಅಕ್ಕಾ, ನನಗ ಹೆಣ್ತಿ ಹಾಳಂತ ಊರ ತುಂಬ ಅನ್ಲಿಕತ್ತಾರ. ಎಲ್ಲಿ ಹಾಳಂತ ಹೇಳು, ನಾನೂ ಒಮ್ಮಿ ನೋಡ್ತೀನಿ!’ ಎಂದು ಅವನು ಗುಡುಗಿದ್ದು ಪಕ್ಕದಲ್ಲಿ ಕುಳಿತ ಕನ್ನಡ ಟೀಚರಿಗೂ ಕೇಳಿಸಿತು. ಮೋಸಗಾರ ಪಾರಾಗಿದ್ದ, ಬೈಗುಳ ಮಾತ್ರ ನನ್ನ ಪಾಲಿಗೆ ಬಂತು.

ಇನ್ನು ಫೋನಿನ ವ್ಯವಹಾರವೇ ಬೇಡವೆಂದು, ಶಾಲೆಗೆ ಒಂದು ದಿನ ರಜೆ ಹಾಕಿ ಯಜಮಾನರನ್ನು ಎಳೆದುಕೊಂಡು ಚಿತ್ತಾಪುರದ ವಿಮಾ ಶಾಖೆಗೇ ಹೋದೆ. ದಾರಿಯಲ್ಲಿ ತಾಕೀತು ಮಾಡಿದ್ದೆ: ‘ಅಲ್ಲಿ ಯಾರಿಗೂ ಯಾವೂರು ಅಂತ ಕೇಳಬ್ಯಾಡ್ರಿ.’ ಕೌಂಟರಿನಲ್ಲಿದ್ದ ಹುಡುಗಿ ಬೆಂಗಳೂರು ಕಡೆಯ ಕನ್ನಡದವಳು. ನಾನು ಅವಳ ಗುರುತಿನ ಪತ್ರ ನೋಡಿದೆ. ಕಂಪನಿಯ ಮುಖ್ಯ ಕಚೇರಿಗೆ ಅಲ್ಲಿಂದಲೇ ಫೋನು ಮಾಡಿ ಶಾಖೆ ನಿಜವೆಂದು ಖಾತ್ರಿ ಮಾಡಿಕೊಂಡೆ. ಕಂತಿನ ಚೆಕ್ಕನ್ನು ಕಂಪನಿಯ ಹೆಸರಿಗೇ ಬರೆದೆ. ಅವಳು ಎಲ್ಲವನ್ನೂ ಸಹಿಸಿಕೊಂಡು, ‘ಶುಗರ್ ಇರೋದನ್ನ ಬರೀಲೇಬೇಕು ಆಂಟಿ. ಮುಚ್ಚಿಟ್ರೆ ಕ್ಲೇಮ್ ಟೈಮಲ್ಲಿ ತಿರಸ್ಕಾರ ಆಗತ್ತೆ. ಕಂತು ಸ್ವಲ್ಪ ಜಾಸ್ತಿ ಆಗತ್ತೆ, ಶುಗರ್ ಸಂಬಂಧದ ಖರ್ಚು ಮೊದಲ ಕೆಲವು ವರ್ಷ ಸಿಗಲ್ಲ’ ಎಂದಳು. ರಿಯಾಯಿತಿಯ ಮಾತಿಲ್ಲ, ಅವಸರವಿಲ್ಲ. ಸಾಧನೆ ಪೂರ್ಣವಾಗಿತ್ತು. ಇನ್ನು ಸಹಿ ಮಾಡಬೇಕು.

ಪೆನ್ನು ಹಿಡಿದೆ. ಕೈ ಮುಂದೆ ಹೋಗಲೊಲ್ಲದು. ಎಲ್ಲ ಸರಿಯಿದೆ, ಆದರೂ ಏನೋ ಕಡಿಮೆ. ಬಾಯಿ ನನ್ನನ್ನು ಕೇಳದೆಯೇ ತೆರೆದುಕೊಂಡಿತು.

‘ಯಾವೂರವಾ ನಿಂದು?’

‘ಮಂಡ್ಯ ಹತ್ರ ಆಂಟಿ.’

‘ಮದಿವಿ ಆಗ್ಯಾದ? ಗಂಡನ ಊರು?’

‘ಚಿಂಚೋಳಿ ಕಡೆ.’

‘ಚಿಂಚೋಳ್ಯಾಗ ನಮ್ಮಕ್ಕನ ಮನಿ ಅದ! ಬಸ್ ಸ್ಟ್ಯಾಂಡ್ ಹಿಂದ ಏನು?’

‘ಹೂಂ, ಅಲ್ಲೇ ಎಲ್ಲೋ...’

‘ನಮ್ಮಕ್ಕನ ಗಂಡ ಬಸಣ್ಣನ ಪೈಕಿ ಇರಬೇಕು. ಬಸಣ್ಣ ನಿಮ್ಮ ದೊಡ್ಡ ಮಾವ ಏನು?’

‘ಇರಬೇಕು ಆಂಟಿ, ಇಲ್ಲಿ ಸಹಿ ಮಾಡಿ’ ಎಂದಳು. ಮಾಡಿದೆ. ಮೂರು ಕಡೆ, ಮುತ್ತಿನಂಥ ಅಕ್ಷರದಲ್ಲಿ.

ವಾಡಿಯ ಬಸ್ಸು ಹತ್ತಿದ ಮೇಲೆ ಯಜಮಾನರದು ಒಂದೇ ಕೆಲಸ. ರಸೀದಿಯನ್ನು ಜೇಬಿನಿಂದ ತೆಗೆದು ನೋಡುವುದು, ನಗುವುದು, ಮತ್ತೆ ಇಡುವುದು. ಕಡೆಗೆ ನನ್ನ ಕಿವಿಯ ಹತ್ತಿರ ಬಾಗಿದರು. ‘ಟೀಚರಮ್ಮಾ, ದತ್ತಾನೂ ನೀವೇ ಕೊಟ್ರಿ, ಸಾಧನಾನೂ ನೀವೇ ಮಾಡಿದ್ರಿ. ಆ ಹುಡುಗಿ ಹೂಂ ಅಂತ ಅಂದಾಳ, ಅಷ್ಟೇ.’

 

‘ಆಕಿ ನಮಗ ಸೊಸಿ ಆಗ್ತಾಳ, ಸುಮ್ನ ಕುಂದ್ರಿ’ ಎಂದು ಕಿಟಕಿಯ ಕಡೆ ತಿರುಗಿ ಕುಳಿತೆ.