ಎಂಜಿನ್ ದೀಪದವರಿಗೆ ಒಂದು ಅಹವಾಲು

ಮಾನ್ಯ ಹಳದಿ ಎಂಜಿನ್ ದೀಪದವರೇ,

ಕಾರಿನ ಸ್ಟೇರಿಂಗಿನ ಹಿಂದೆ ಯಾರ ಅಪ್ಪಣೆಗೂ ಕಾಯದೆ ಬೆಳಗುವ ತಮ್ಮ ಸನ್ನಿಧಿಗೆ, ಆ ಕಾರಿಗೆ ತಾನೇ ಯಜಮಾನನೆಂದು ತಪ್ಪು ತಿಳಿದಿದ್ದ ಚರಿತ್ರೆ ಮೇಷ್ಟ್ರೊಬ್ಬನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ಕಣ್ಣಾರೆ ಕಾಣುತ್ತಿದ್ದೇನೆ. ನನ್ನ ಕ್ಷೇಮದ ವಿಷಯ ಕೆಳಗಿದೆ.

ತಾವು ಮೊದಲ ಸಲ ಬೆಳಗಿದ್ದನ್ನು ಕಂಡವಳು ನನ್ನ ಹೆಂಡತಿ. ಆಕೆ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೊಥೆರಪಿಸ್ಟ್. ಕಾರಿಲ್ಲದಿದ್ದರೆ ಆಕೆಯ ಕೆಲಸ ನಡೆಯದು, ಆಕೆ ಹೋಗದಿದ್ದರೆ ಬಿದ್ದು ಸೊಂಟ ಮುರಿದುಕೊಂಡಿರುವ ಅಜ್ಜಿಯೊಬ್ಬರು ಹಾಸಿಗೆ ಬಿಟ್ಟು ಏಳರು. ಮೆಕ್ಯಾನಿಕ್ಕಿಗೆ ತೋರಿಸೋಣವೆಂದು ಆಕೆ ಅಂದದ್ದೇ ನನ್ನ ಗಂಡಸುತನಕ್ಕೆ ಪೆಟ್ಟಾಗಿ, ಕಾರಿಗೆ ಚುಚ್ಚಿದರೆ ಅದರ ದೋಷವನ್ನು ಕೋಡಿನಲ್ಲಿ ತೋರಿಸುವ ಸ್ಕ್ಯಾನರೊಂದನ್ನು ತರಿಸಿಕೊಂಡೆ.

ಎಂಜಿನ್ನಿನೊಳಗೆ ಗಾಳಿ ಹೆಚ್ಚಾಗಿದೆಯೆಂದು ಆಕ್ಸಿಜನ್ ಸೆನ್ಸರ್ ದೂರು ಕೊಟ್ಟಿದೆ, ಕೋಡಿನ ಅರ್ಥ ಅಷ್ಟೇ. ದೂರು ಕೊಟ್ಟವನೇ ಕಳ್ಳನೆಂದು ತೀರ್ಮಾನಿಸಿ ಸೆನ್ಸರನ್ನೇ ಬದಲಾಯಿಸಿದೆ. ತಾವು ಮತ್ತೆ ಬೆಳಗಿದಿರಿ. ಹೊಸ ಸೆನ್ಸರೂ ಹಳೆಯದರ ಮಾತನ್ನೇ ಆಡಿದಾಗ, ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆಂದು ನನಗೆ ಗುಮಾನಿಯಾಯಿತು. "ನೋವು ಎಲ್ಲಿದೆ ಅಂತ ಮಂಡಿ ಹೇಳುತ್ತೆ, ಯಾಕಿದೆ ಅಂತ ನಾವೇ ಹುಡುಕಬೇಕು ಕಣ್ರೀ," ಎಂದ ಹೆಂಡತಿಗೆ, ಇದು ಮಂಡಿಯಲ್ಲ, ಯಂತ್ರವೆಂದು ದೊಡ್ಡ ಮನಸ್ಸು ಮಾಡಿ ತಿಳಿಹೇಳಿದೆ.

ಅಷ್ಟರಲ್ಲಿ ಸ್ಕ್ಯಾನರಿನ 'ಅಳಿಸು' ಎಂಬ ಗುಂಡಿ ಕಣ್ಣಿಗೆ ಬಿತ್ತು. ಅಂದಿನಿಂದ ದಿನವೂ ಹಲ್ಲುಜ್ಜುವ ಮೊದಲು ಕೋಡನ್ನು ಅಳಿಸಿ, ತಮ್ಮನ್ನು ಆರಿಸಿ, ರಿಪೇರಿಯಾಯಿತೆಂದು ಮನೆಯಲ್ಲಿ ಬೀಗತೊಡಗಿದೆ. ಹೊಗೆ ತಪಾಸಣೆಗೆ ಹೋದಾಗ ಅಲ್ಲಿನ ಸಿಬ್ಬಂದಿ ಕಾರಿಗೆ ಅವರದೇ ಸ್ಕ್ಯಾನರ್ ಚುಚ್ಚಿ ನೋಡಿ, "ಸಾರ್, ನಿಮ್ಮ ಕಾರಿಗೆ ಏನೂ ನೆನಪಿಲ್ಲ. ಯಾರೋ ದಿನಾ ಅಳಿಸ್ತಿದ್ದಾರೆ. ಅಳಿಸದೆ ನಾಲ್ಕು ದಿನ ಓಡಿಸಿ ತನ್ನಿ," ಎಂದರು. ದಾಖಲೆ ಸುಟ್ಟ ಅರಸರನ್ನು ತರಗತಿಯಲ್ಲಿ ಬಾಯಿತುಂಬ ಬೈಯುವವನು ನಾನೇ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಶನಿವಾರದೊಳಗೆ ತಪಾಸಣೆ ಪತ್ರ ಸಿಗದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ.

ಮನೆಗೆ ಬಂದವಳೇ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಕಿವಿಗೊಟ್ಟು, "ಅಲ್ಲಿ ಉಸ್ ಅಂತಿದೆಯಲ್ಲಾ?" ಎಂದಳು. ತಿಂಗಳ ಹಿಂದೆ ಏರ್ ಫಿಲ್ಟರ್ ಶುಚಿಮಾಡುವ ಹುಮ್ಮಸ್ಸಿನಲ್ಲಿ ನಾನು ಕಿತ್ತು, ಮರಳಿ ಸಿಕ್ಕಿಸದೆ ಬಿಟ್ಟ ಬೆರಳುಗಾತ್ರದ ರಬ್ಬರ್ ಕೊಳವೆಯದು; ಹೆಚ್ಚಿನ ಗಾಳಿ ಒಳನುಗ್ಗುತ್ತಿದ್ದದ್ದು ಅಲ್ಲಿಂದಲೇ. ಆಕೆ ಅದನ್ನು ಸಿಕ್ಕಿಸಿ, ಸ್ಕ್ಯಾನರನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಸತ್ಯವನ್ನೇ ನುಡಿಯುತ್ತ ಬಂದ ತಮ್ಮ ಬಾಯಿಯನ್ನು ದಿನವೂ ಮುಚ್ಚಿಸಿದ ಈ ಪಾಪಿಯ ಕೋರಿಕೆ ಇಷ್ಟೇ: ಇನ್ನು ಮುಂದೆ ಕೋಡುಗೀಡು ಬೇಡ, "ಮೇಷ್ಟ್ರೇ, ಕೊಳವೆ ಹಾಕಿಲ್ಲ" ಎಂದು ಬಿಡಿಸಿ ಬರೆಯುವ ಕೃಪೆಯಾಗಲಿ. ನಾನು ಸ್ಪ್ಯಾನರ್ ಮುಟ್ಟುವ ಮೊದಲೇ, "ನನಗೆ ಗೊತ್ತು" ಎಂದು ಬಾಯಿ ತೆರೆಯುವಾಗಲೇ, ತಾವು ನನ್ನ ಹಣೆಯ ಮೇಲೆ ಬೆಳಗಬೇಕು. ಸದ್ಯಕ್ಕೆ ಮಾತ್ರ, ನನ್ನ ಮೇಲಿನ ಸಿಟ್ಟನ್ನು ಆ ಅಜ್ಜಿಯ ಮೇಲೆ ತೀರಿಸದೆ, ಶನಿವಾರದೊಳಗೆ ತಾವಾಗಿಯೇ ಆರಿಹೋಗಬೇಕು. ನನಗೆ ನಿಜಕ್ಕೂ ಭಯವಾಗಿದೆ.

ತಮ್ಮ ವಿಶ್ವಾಸಿ,
ಬಾನೆಟ್ಟಿನಿಂದ ಗಡೀಪಾರಾದ ಚರಿತ್ರೆ ಮೇಷ್ಟ್ರು

ತಾ.ಕ.: ತಾವು ಶುಕ್ರವಾರವೇ ಆರಿದಿರಿ; ತಪಾಸಣೆ ಪತ್ರವೂ ಸಿಕ್ಕಿತು. ಹೆಂಡತಿಯ ಕಾರಿನ ಸದ್ದು ಕೇಳಿ ಅಜ್ಜಿ ಮೊದಲ ಸಲ ಯಾರ ಆಸರೆಯೂ ಇಲ್ಲದೆ ಬಾಗಿಲವರೆಗೆ ನಡೆದು ಬಂದರಂತೆ. ಇದರಲ್ಲಿ ನನ್ನ ರಿಪೇರಿಯ ಪಾಲೂ ಇದೆಯೆಂದು ನಾನು ಹೇಳಿದಾಗ, ನನ್ನಾಕೆ ನನ್ನ ತಲೆಯ ಹತ್ತಿರ ಕಿವಿಯಿಟ್ಟು ಸ್ವಲ್ಪ ಹೊತ್ತು ಆಲಿಸಿ, "ಇಲ್ಲೂ ಎಲ್ಲೋ ಗಾಳಿ ಸೋರ್ತಿದೆ," ಎಂದಳು.