ಕೆಲ್ಲಿಗೂ ಕೆಲ್ಲಿಗೂ ಮದುವೆ

ಮದುವೆಯ ಮಾತು ಎಲ್ಲೇ ಬರಲಿ, ನಮ್ಮಂಥವರ ಬಾಯಿಗೆ ಮೊದಲು ಬರುವುದು 'ಗೋತ್ರ ಯಾವುದು?' ಎಂಬ ಪ್ರಶ್ನೆ. ಹುಡುಗನ ಬುದ್ಧಿ, ಹುಡುಗಿಯ ಮನಸ್ಸು ಎಲ್ಲ ಆಮೇಲಿನ ಮಾತು. ನೈರೋಬಿಗೆ ಬಂದು ಔಷಧ ಕಾರ್ಖಾನೆಯ ಮ್ಯಾನೇಜರಾದ ಮೇಲೂ ಈ ಚಟ ನನ್ನನ್ನು ಬಿಟ್ಟಿಲ್ಲ. ಮೈಸೂರಿನಿಂದ ತಂದ ಹಪ್ಪಳ, ಚಟ್ನಿಪುಡಿ ಎಲ್ಲ ಯಾವತ್ತೋ ಮುಗಿದವು, ಇದು ಮಾತ್ರ ಮುಗಿಯಲಿಲ್ಲ.

ನಮ್ಮ ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಕೆಲ್ಲಿ, ಐರ್ಲೆಂಡಿನವನು. ವಯಸ್ಸು ಐವತ್ತು ದಾಟಿದೆ, ಹಿಂದೆಮುಂದೆ ಯಾರೂ ಇಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಂದು ನನ್ನೆದುರು ಕೂತ. "ನನಗೆ ಮದುವೆ. ನನ್ನ ಕಡೆಯವರು ಅಂತ ಯಾರೂ ಇಲ್ಲ. ಚರ್ಚಿನಲ್ಲಿ ನೀವು ನನ್ನ ಪಕ್ಕ ನಿಲ್ಲಬೇಕು" ಅಂದ. ನನ್ನ ಕಣ್ಣು ತುಂಬಿ ಬಂತು. ಹೆಣ್ಣು ಯಾರು ಅಂತ ಕೇಳಿದೆ. ಲ್ಯಾವಿಂಗ್ಟನ್ ಕಡೆ ಶಾಲೆಯೊಂದರ ಟೀಚರಂತೆ, ಅವಳೂ ಐರ್ಲೆಂಡಿನವಳೇ, ಹೆಸರು ಮಿಸ್ ಕೆಲ್ಲಿ. ತುಂಬಿದ್ದ ಕಣ್ಣು ಅಲ್ಲೇ ಆರಿಹೋಯಿತು. ಯೋಚಿಸಿ ಹೇಳ್ತೀನಿ ಅಂದೆ.

ಮನೆಗೆ ಬಂದು ನನ್ನ ಹೆಂಡತಿ ಸುಧಾಗೆ ಹೇಳಿದರೆ ಅವಳು ಒಗ್ಗರಣೆಯನ್ನೇ ಮರೆತಳು. "ರಾಮ ರಾಮ! ಒಂದೇ ಮನೆತನ ಅಂದ್ಮೇಲೆ ಅಣ್ಣ-ತಂಗಿ ಆಗಲ್ವೇನ್ರೀ? ಮುಂದೆ ನಿಂತು ಇಂಥದ್ದು ಮಾಡಿಸ್ತೀರಾ?" ಸಾಸಿವೆ ಸೀದು ಹೋಯಿತು. ಆಮೇಲೆ ಕೆಲ್ಲಿ ಕ್ಯಾಂಟೀನಿಗೆ ಬಂದರೆ ನಾನು ಎದ್ದು ಹೋಗುತ್ತಿದ್ದೆ. ಪಾಪ, ಅವನು ಒತ್ತಾಯಿಸಲಿಲ್ಲ. ಆದರೆ ಪ್ರತಿದಿನ ನನ್ನ ಮುಖ ನೋಡುತ್ತಿದ್ದ. ಅದು ಸಹಿಸಲಾಗಲಿಲ್ಲ.

ಭಾನುವಾರ ಪಾರ್ಕ್‌ಲ್ಯಾಂಡ್ಸ್‌ನ ಅವನ ಫ್ಲ್ಯಾಟಿಗೇ ಹೋದೆ. "ಕರೀಬು, ಬನ್ನಿ" ಅಂತ ಒಳಗೆ ಕರೆದ. ಗೋಡೆಯ ಮೇಲೊಂದು ಮರದ ಗುರಾಣಿ: ನೀಲಿ ಬಣ್ಣದ ಮೇಲೆ ಬಿಳಿ ಕೋಟೆ, ಅದನ್ನು ಹಿಡಿದು ನಿಂತ ಎರಡು ಸಿಂಹ, ಮೇಲುಗಡೆ ನರಿಯ ತಲೆ, ಹದ್ದಿನ ಉಗುರು, ತೋಳದ ಬಾಲ ಇರುವ ಒಂದು ಪ್ರಾಣಿ. ಮನೆದೇವರಿರಬೇಕು ಅಂದುಕೊಂಡು, "ಮಿಸ್ ಕೆಲ್ಲಿ ಮನೆಯಲ್ಲೂ ಇದೇನಾ?" ಅಂತ ಗಂಭೀರವಾಗಿ ಕೇಳಿ, ನನ್ನ ಸಂಕಟವನ್ನೆಲ್ಲ ಹೇಳಿಬಿಟ್ಟೆ.

ಅವನು ನಗಲಿಲ್ಲ. "ಹಳೇ ಕಾಲದಲ್ಲಿ ಕೆಲ್ಲಾಖ್ ಅಂತ ಬೇಕಾದಷ್ಟು ಜನರಿಗೆ ಹೆಸರಿಡುತ್ತಿದ್ದರು. ಒಬ್ಬೊಬ್ಬನ ವಂಶದವರೂ ಕೆಲ್ಲಿಗಳಾದರು. ಒಬ್ಬರಿಗೂ ಇನ್ನೊಬ್ಬರಿಗೂ ನೆಂಟಸ್ತಿಕೆ ಇರಲೇಬೇಕು ಅಂತಿಲ್ಲ. ನಾನು ದಕ್ಷಿಣದವನು, ಅವಳು ಉತ್ತರದವಳು. ಈ ಗುರಾಣಿ ಒಂದು ದೊಡ್ಡ ಕೆಲ್ಲಿ ಮನೆತನದ ಲಾಂಛನ, ನಮ್ಮದಲ್ಲ. ಏರ್‌ಪೋರ್ಟಿನ ಅಂಗಡಿಯಲ್ಲಿ ಕೊಂಡೆ."

"ನಿಮ್ಮದಲ್ಲ ಅಂದ್ಮೇಲೆ ಯಾಕೆ ಕೊಂಡಿರಿ?"

"ಆ ಮನೆತನದ ನಾಯಕನೊಬ್ಬ ಯುದ್ಧದಲ್ಲಿ ಬಿದ್ದಾಗ ಈ ಪ್ರಾಣಿ ಸಮುದ್ರದಿಂದ ಎದ್ದು ಬಂತಂತೆ. ಅವನ ಕಡೆಯವರು ಬರುವತನಕ ಹೆಣ ಕಾಯ್ತಂತೆ. ನನಗಂತೂ ಯಾರೂ ಬರೋರಿಲ್ಲ. ಇದಾದರೂ ಇರಲಿ ಅಂತ."

ನನಗೆ ಅಳುವೇ ಬಂತು. "ನಾನು ಬರ್ತೀನಿ ಮಾರಾಯ, ನಿನ್ನ ಪಕ್ಕ ನಾನೇ ನಿಲ್ತೀನಿ" ಅಂದೆ. ಇಂಗ್ಲಿಷಿನಲ್ಲಿ ಮಾರಾಯ ಅನ್ನುವುದಕ್ಕೆ ಏನಂದೆನೋ ನೆನಪಿಲ್ಲ. ಕೆಲ್ಲಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸಂತೋಷದಲ್ಲಿ, "ಸಂಬಂಧದ ವಿಚಾರದಲ್ಲಿ ಇಷ್ಟು ಕಟ್ಟುನಿಟ್ಟಿನವರು ನೀವು! ಸುಧಾ ತೀರಾ ದೂರದ ಮನೆಯವರಿರಬೇಕು" ಅಂದ.

"ಛೆ ಛೆ, ದೂರವೇನು ಬಂತು? ನನ್ನ ಸ್ವಂತ ಅಕ್ಕನ ಮಗಳು" ಅಂದೆ, ಹೆಮ್ಮೆಯಿಂದಲೇ. "ಗೋತ್ರ ಬೇರೆ, ಏನೂ ತೊಂದರೆಯಿಲ್ಲ."

ಕೆಲ್ಲಿ ನನ್ನ ಕೈಯನ್ನು ಮೆಲ್ಲಗೆ ಬಿಟ್ಟ. ಬಹಳ ಸಂಕೋಚದಿಂದ ಹೇಳಿದ:

"ನೀವು ಪಕ್ಕದಲ್ಲಿ ನಿಲ್ಲೋ ವಿಷಯ... ಮಿಸ್ ಕೆಲ್ಲಿಯನ್ನು ಒಂದು ಮಾತು ಕೇಳಿ ಹೇಳ್ತೀನಿ."